ಮೂರನೆಯ ಪುಸ್ತಕ ಮುಗಿದ ಮೇಲೆ

ವಯಸ್ಕರಿಗೆ ಅಕ್ಷರ ಕಲಿಸುವ ಕಾರ್ಯವನ್ನು ನಮ್ಮ ನಾಡು ಹಲವು ಸಲ ಆರಂಭಿಸಿದೆ. ಅದು ಮುಗಿಯಲಿಲ್ಲವೆಂಬುದಕ್ಕಿಂತ, ಮುಗಿಯಿತೆಂದು ಬಗೆದು ಬೇಗನೆ ಕೈಬಿಟ್ಟೆವೆಂಬುದೇ ಹೆಚ್ಚು ಸತ್ಯ.

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪಿತವಾಗಿ, ಮುಂದಿನ ದಶಕದಲ್ಲಿ ದಕ್ಷಿಣ ಕನ್ನಡ, ಬಿಜಾಪುರ ಮೊದಲಾದ ಜಿಲ್ಲೆಗಳಲ್ಲಿ ಸಂಪೂರ್ಣ ಸಾಕ್ಷರತಾ ಆಂದೋಲನ ನಡೆದಾಗ, ಕಲಾಜಾಥಾದ ತಮಟೆಯ ಸದ್ದಿಗೆ ಊರೂರು ಎಚ್ಚೆತ್ತುದನ್ನೂ, ಸಂಬಳವಿಲ್ಲದ ತರುಣ ತರುಣಿಯರು ರಾತ್ರಿಯ ಹೊತ್ತು ಪಾಠ ಹೇಳಿದುದನ್ನೂ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಮೂರು ಪುಸ್ತಕ, ಸುಮಾರು 200 ಗಂಟೆಯ ಕಲಿಕೆ. ಕೊನೆಗೆ ನಿಮಿಷಕ್ಕೆ 30 ಪದ ಗಟ್ಟಿಯಾಗಿ ಓದಬೇಕು, 7 ಪದ ನೋಡಿ ಬರೆಯಬೇಕು, ನೂರರವರೆಗಿನ ಅಂಕಿ ತಿಳಿದಿರಬೇಕು. ಈ ಮಾನದಂಡವನ್ನು ಅಲ್ಪವೆಂದು ಹಳಿಯುವವರು, ಹಗಲೆಲ್ಲ ಕಳೆ ಕಿತ್ತು, ಒಲೆ ಆರಿಸಿ ಬಂದ ನಲವತ್ತೈದರ ಹೆಂಗಸು ಬಳಪವನ್ನು ಕುಡುಗೋಲಿನ ಹಿಡಿಯಂತೆ ಬಿಗಿಹಿಡಿದು ಒತ್ತಕ್ಷರದ ಮುಂದೆ ತಡವರಿಸುವುದನ್ನು ಒಮ್ಮೆ ನೋಡಬೇಕು. ಆಕೆ ಅಷ್ಟು ದೂರ ಬಂದುದೇ ಸಾಹಸ. ಆದರೆ ಮೂರನೆಯ ಪುಸ್ತಕವನ್ನು ಮಡಿಚಿದ ಮರುದಿನ ಆಕೆಯ ಕೈಗೆ ನಾವು ಏನನ್ನು ಕೊಟ್ಟೆವು?

ಈ ಪ್ರಶ್ನೆಯನ್ನು ಹಳೆಯ ಮೈಸೂರಿನವರು ಮೊದಲೇ ಕೇಳಿಕೊಂಡಿದ್ದರೆಂಬುದು ಸ್ಮರಣಾರ್ಹ. 1940ರ ದಶಕದಲ್ಲಿ ರೂಪುಗೊಂಡ ವಯಸ್ಕರ ಶಿಕ್ಷಣ ಸಮಿತಿಯು ರಾತ್ರಿಶಾಲೆಗಳಿಂದಷ್ಟೇ ತೃಪ್ತಿಪಡದೆ, ಹೊಸದಾಗಿ ಓದಲು ಕಲಿತವರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನೂ ಚಿಕ್ಕ ಚಿಕ್ಕ ಪುಸ್ತಕಗಳನ್ನೂ ಪ್ರಕಟಿಸಿತು. ಹಳ್ಳಿಗಳಲ್ಲಿ ಗ್ರಂಥಾಲಯಗಳನ್ನು ತೆರೆಯಿತು. 1947ರಲ್ಲಿ ನಂಜನಗೂಡಿನಲ್ಲಿ ವಿದ್ಯಾಪೀಠವನ್ನು ಆರಂಭಿಸಿ, ಗ್ರಾಮೀಣ ತರುಣರಿಗೆ ವ್ಯವಸಾಯದೊಡನೆ ಸಾರ್ವಜನಿಕ ಜೀವನದ ಶಿಕ್ಷಣವನ್ನೂ ನೀಡಿತು. ಕಲಿತದ್ದು ಮರೆಯದಿರಬೇಕಾದರೆ ಓದಲು ಏನಾದರೂ ಇರಬೇಕೆಂಬ ಸರಳ ವಿವೇಕ ಅದರ ಹಿಂದೆ ಇತ್ತು. ಅನಂತರದ ಯೋಜನೆಗಳಲ್ಲಿಯೂ ಮುಂದುವರಿಕೆ ಶಿಕ್ಷಣವೆಂಬ ಅಧ್ಯಾಯ ಇಲ್ಲದಿರಲಿಲ್ಲ. ಆದರೆ ಸಂಪೂರ್ಣ ಸಾಕ್ಷರತೆಯ ಘೋಷಣೆಯ ಸಮಾರಂಭಕ್ಕೆ ದೊರೆತ ಉತ್ಸಾಹ ಅದಕ್ಕೆ ದೊರೆಯಲಿಲ್ಲ.

2011ರ ಜನಗಣತಿಯಲ್ಲಿ ಕರ್ನಾಟಕದ ಪುರುಷರ ಸಾಕ್ಷರತೆ ಶೇ. 82ನ್ನು ದಾಟಿದ್ದರೆ ಸ್ತ್ರೀಯರದು ಶೇ. 68ರಷ್ಟೇ ಇತ್ತು. ಸ್ವಸಹಾಯ ಸಂಘದ ನಡಾವಳಿ ಪುಸ್ತಕದಲ್ಲಿ ಹೆಬ್ಬೆಟ್ಟಿನ ಬದಲು ಇಂದು ರುಜು ಬೀಳುತ್ತಿದೆಯಾದರೂ, ರುಜುವಿನ ಮೇಲಿರುವ ಬಡ್ಡಿಯ ಲೆಕ್ಕವನ್ನು ಓದಿಕೊಳ್ಳಲಾರದ ಸದಸ್ಯೆಗೆ ಅದರಿಂದಾದ ಲಾಭ ಎಷ್ಟು? 2022ರಿಂದ ಜಾರಿಯಲ್ಲಿರುವ ಕೇಂದ್ರ ಸರ್ಕಾರದ ವಯಸ್ಕರ ಸಾಕ್ಷರತೆಯ ಉಲ್ಲಾಸ್ ಕಾರ್ಯಕ್ರಮವೂ ಸ್ವಯಂಸೇವಕರನ್ನೇ ನಂಬಿದೆ. ಕಲಿಸುವವರು ಸಿಕ್ಕಾರು, ಈ ನಾಡಿನಲ್ಲಿ ಅವರಿಗೆ ಎಂದೂ ಬರವಿಲ್ಲ. ಬರವಿರುವುದು ಬರೆಯುವವರಿಗೆ. ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋದರೆ ಮಕ್ಕಳ ಕಥೆಗಳಿವೆ, ಪರೀಕ್ಷೆಗಳ ಕೈಪಿಡಿಗಳಿವೆ. ಬೆಳೆದ ಬುದ್ಧಿಯನ್ನು ಗೌರವಿಸುತ್ತ ಎಳೆಯ ಓದಿಗೆ ಎಟುಕುವ ಪುಸ್ತಕ ದುರ್ಲಭ. ಈ ಅಪರಾಧದಲ್ಲಿ ಸರ್ಕಾರಕ್ಕಿಂತ ಸಾಹಿತಿಗಳ ಪಾಲು ದೊಡ್ಡದು. ಸುಲಭವಾಗಿ ಬರೆಯುವುದನ್ನು ಕೀಳೆಂದು ಎಣಿಸಿದವರು ನಾವೇ ಅಲ್ಲವೆ?

ಆದುದರಿಂದ ಈ ಪತ್ರಿಕೆಯ ಮುಂದಿನ ಸಂಚಿಕೆಗಳಲ್ಲಿ ನಾಲ್ಕು ಪುಟಗಳನ್ನು ಇಂಥ ಬರಹಕ್ಕೆ ಮೀಸಲಿಡಲು ನಿಶ್ಚಯಿಸಿದ್ದೇವೆ. ಪಹಣಿ, ಬಾಣಂತನ, ಊರ ದೇವತೆಯ ಕಥೆ, ಯಾವುದಾದರೂ ಆಗಬಹುದು. ದಪ್ಪಕ್ಷರದಲ್ಲಿ ಅಚ್ಚಾಗುವುದರಿಂದ ಪುಟಕ್ಕೆ ಹತ್ತು ಸಾಲು ಮೀರಬಾರದು. ಸಂಭಾವನೆ ಕಥೆಗೆ ಕೊಡುವಷ್ಟೇ.