ಬದುಕಿರುವವರ ಆಸ್ತಿಗೆ ವಾರೀಸುದಾರರಿಲ್ಲ

ಯಲ್ಲಾಪುರದ ಮಾಗೋಡಿನ ಕಡೆ ಅಡಿಕೆ ತೋಟ, ಪೇಟೆಯಲ್ಲಿ ಎರಡು ಮಳಿಗೆ ಇರುವ ಹಿರಿಯರೊಬ್ಬರು ಹಾಸಿಗೆ ಹಿಡಿದರೆಂದು ಭಾವಿಸಿ. ಇರುವುದು ಒಬ್ಬಳೇ ಮಗಳು. ವರ್ಷಗಟ್ಟಲೆ ಮುಖ ತೋರಿಸದ ಬಂಧುಗಳು ಈಗ ಹಣ್ಣಿನ ಚೀಲ ಹಿಡಿದು ಬರುತ್ತಾರೆ. ಒಬ್ಬರ ಕಣ್ಣು ಪಹಣಿಯ ಮೇಲೆ, ಇನ್ನೊಬ್ಬರದು ದಿಂಬಿನಡಿಯ ಬೀಗದ ಕೈ ಮೇಲೆ. ಗಂಜಿ ಕುಡಿಸಿ ನಿದ್ದೆಗೆಡುವ ಹೆಂಡತಿ, ಮಗಳನ್ನು ಮಾತ್ರ ಯಾರೂ ಮಾತಿಗೆ ಕರೆಯುವುದಿಲ್ಲ. ಇಂಥ ಮನೆಗಳನ್ನು ನೀವೂ ಕಂಡಿರಬಹುದು.

ವಾರೀಸು ಸೊತ್ತನ್ನು ಬಾಚಿ ನುಂಗುವವರನ್ನು ಪವಿತ್ರ ಕುರ್‌ಆನ್ 'ಅಲ್ ಫಜ್ರ್' ಅಧ್ಯಾಯದಲ್ಲಿ ಖಂಡಿಸಿದೆ. ಸೊತ್ತು ಕಿಂಚಿತ್ತಿರಲಿ, ಹೆಚ್ಚಿರಲಿ, ಅದರಲ್ಲಿ ಪುರುಷರಂತೆ ಸ್ತ್ರೀಯರಿಗೂ ಪಾಲಿದೆಯೆಂದು 'ಅನ್ನಿಸಾ' ಅಧ್ಯಾಯ ಸಾರಿದೆ. ಅಂತ್ಯಸಂಸ್ಕಾರದ ಖರ್ಚು, ಸಾಲ, ವಸಿಯ್ಯತ್ ತೀರಿದ ಮೇಲೆ ಪಾಲು. ಮೇಲಿನ ಮನೆಯಲ್ಲಿ ಹೆಂಡತಿ, ಒಬ್ಬ ಮಗಳು ಮತ್ತು ಸಹೋದರರು ಮಾತ್ರ ಇದ್ದರೆ, ಸುನ್ನೀ ನಿಯಮದಂತೆ ಹೆಂಡತಿಗೆ ಎಂಟನೇ ಒಂದು, ಮಗಳಿಗೆ ಅರ್ಧ, ಉಳಿದ ಎಂಟರಲ್ಲಿ ಮೂರು ಭಾಗ ಸಹೋದರರಿಗೆ. ಅಂದರೆ ಅವರಿಗೂ ನ್ಯಾಯವಾದ ಪಾಲು ಇದ್ದೇ ಇದೆ. ಹುನ್ನಾರವೆಲ್ಲ ಇರುವುದು ಹೆಂಗಸರ ಎಂಟರಲ್ಲಿ ಐದು ಭಾಗದ ಮೇಲೆ!

ಅದಕ್ಕೆ ಮೂರು ದಾರಿ ಹುಡುಕುತ್ತಾರೆ. ಮೊದಲನೆಯದು ವಸಿಯ್ಯತ್. ಹಝ್ರತ್ ಸಅದ್ ಬಿನ್ ಅಬೀ ವಕ್ಕಾಸ್(ರ) ಮಕ್ಕಾದಲ್ಲಿ ಕಾಯಿಲೆ ಬಿದ್ದಾಗ ಅವರಿಗೂ ಒಬ್ಬಳೇ ಮಗಳು. ಮೂರನೇ ಎರಡು ಭಾಗ ದಾನ ಮಾಡಲೇ ಎಂದು ಕೇಳಿದರು, ಬಳಿಕ ಅರ್ಧ ಎಂದರು. ಪ್ರವಾದಿ(ಸ) ಒಪ್ಪಲಿಲ್ಲ. ಮೂರನೇ ಒಂದಕ್ಕೆ ಒಪ್ಪಿ, ಅದೂ ಹೆಚ್ಚೇ ಎಂದರು. ಒಳ್ಳೆಯ ಕೆಲಸಕ್ಕೇ ಈ ಮಿತಿಯಾದರೆ ದುರಾಸೆಗೆ ಎಲ್ಲಿಯ ಅವಕಾಶ? ಸುನ್ನೀ ನಿಯಮದಲ್ಲಿ, ಉಳಿದ ವಾರೀಸುದಾರರ ಒಪ್ಪಿಗೆಯಿಲ್ಲದೆ ಒಬ್ಬ ವಾರೀಸುದಾರನ ಹೆಸರಿಗೆ ವಸಿಯ್ಯತ್ ಬರೆದರೆ ನಡೆಯುವುದಿಲ್ಲ.

ಎರಡನೆಯದು ಹಿಬಾ, ಅಂದರೆ ದಾನ. ಕೊಡುತ್ತೇನೆಂಬ ಘೋಷಣೆ, ಪಡೆದವರ ಸ್ವೀಕಾರ, ಸ್ವಾಧೀನ ಬಿಟ್ಟುಕೊಡುವಿಕೆ ಮೂರೂ ಇದ್ದರೆ ಮಾತ್ರ ಅದು ಹಿಬಾ. ಮರಣಶಯ್ಯೆಯಲ್ಲಿ ಮಾಡಿದ ದಾನಕ್ಕೂ ವಸಿಯ್ಯತ್ತಿನ ಮಿತಿಯೇ ಅನ್ವಯ. ಹಿರಿಯರು ಬದುಕಿದ್ದಾಗಲೇ ಜಮೀನು ಹಂಚಿಕೊಟ್ಟಿದ್ದರೆಂಬ ವಾದದ ಮೊಕದ್ದಮೆಯೊಂದು ನಮ್ಮ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2024ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಸ್ಪಷ್ಟವಾಗಿದೆ: ಮುಸ್ಲಿಮ್ ಕಾನೂನಿನಲ್ಲಿ ವಾರೀಸು ಹಕ್ಕು ಹುಟ್ಟುವುದು ಮರಣದ ಬಳಿಕವೇ, ಖಾತೆಯಲ್ಲಿ ಹೆಸರು ಬದಲಾದ ಮಾತ್ರಕ್ಕೆ ದಾನ ಸಾಬೀತಾಗುವುದಿಲ್ಲ.

ಮೂರನೆಯದು, ಹಕ್ಕು ಬಿಡುಗಡೆ ಪತ್ರಕ್ಕೆ ಮಗಳ ಸಹಿ. ತಂದೆ ಬದುಕಿರುವಾಗ ಹುಟ್ಟದೇ ಇರುವ ಹಕ್ಕನ್ನು ಬಿಟ್ಟುಕೊಡುವುದಾದರೂ ಹೇಗೆ? ಆದರೆ ಎಚ್ಚರ! ಪ್ರತಿಯಾಗಿ ಹಣ ಪಡೆದು ಸಹಿ ಹಾಕಿದವರು ಮುಂದೆ ಪಾಲು ಕೇಳದಂತೆ ಅದು ಅಡ್ಡಿಯಾಗಬಹುದೆಂದು 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. 'ತವರು ತಪ್ಪಿಹೋದೀತು' ಎಂಬ ಭಯಕ್ಕೆ ಓದದ ಕಾಗದಕ್ಕೆ ಸಹಿ ಹಾಕಬೇಡಿ.

ಇನ್ನು ಆ ಹಿರಿಯರ ಗತಿ? ಆಸ್ತಿ ಬರೆಸಿಕೊಂಡವರು ಮತ್ತೆ ತಿರುಗಿ ನೋಡದಿದ್ದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ನೆರವಿಗಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ಹಸ್ತಾಂತರವನ್ನು ರದ್ದುಪಡಿಸಲು ಅವಕಾಶವಿದೆ. ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. ಯಲ್ಲಾಪುರ, ಸಿದ್ದಾಪುರದವರು ಶಿರಸಿಯ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು.

ಸಹೋದರಿಯರೇ, ಇನ್ನೊಂದು ಮಾತು. ಮಗಳಾಗಿ ಪಾಲು ಕೇಳುವ ನಾವೇ ಅತ್ತಿಗೆಯಾಗಿ ನಾದಿನಿಯ ಪಾಲು ತಪ್ಪಿಸಲು ಗಂಡನ ಕಿವಿ ಊದುವುದುಂಟು. ತವರಿನಲ್ಲಿ ನಮ್ಮದಾದದ್ದು ಗಂಡನ ಮನೆಯಲ್ಲಿ ಅವಳದ್ದೂ ಹೌದಲ್ಲವೇ? ಹಿರಿಯರು ಮಾತಾಡಬಲ್ಲವರಾಗಿರುವಾಗಲೇ ಸಾಲ, ವಸಿಯ್ಯತ್ ಎಲ್ಲವನ್ನೂ ಎಲ್ಲರೆದುರು ಬರೆದಿಡಲಿ. ಕೊನೆಯ ದಿನಗಳಲ್ಲಿ ಅವರಿಗೆ ಬೇಕಾದದ್ದು ಸಹಿ ಕೇಳುವವರಲ್ಲ, ಸೇವೆ ಮಾಡುವ ಕೈಗಳು.