ಕನ್ನಡ ತರಗತಿಗೆ ಕತ್ತರಿ ಬೇಕು

“ಕನ್ನಡ ಪಾಠದಲ್ಲಿ ವಿಡಿಯೋಗೆ ಏನು ಕೆಲಸ, ಸ್ವಾಮಿ?” ಹೀಗೆ ನನ್ನನ್ನು ಕೇಳಿದವರು ನನಗಿಂತ ಹೆಚ್ಚು ಕಾಲ ಪಾಠ ಹೇಳಿದ ಹಿರಿಯರು. ಪ್ರಶ್ನೆಯಲ್ಲಿ ತಿರಸ್ಕಾರವಿತ್ತು, ಸ್ವಲ್ಪ ಭಯವೂ ಇತ್ತು. ಅಂದು ಅಧ್ಯಾಪಕರ ಕೊಠಡಿಯಲ್ಲಿ ನಾನು ಉತ್ತರ ಕೊಡದೆ ಸುಮ್ಮನಾದೆ. ಸುಮ್ಮನಾದುದು ತಪ್ಪೆಂದು ಈಗ ತೋರುತ್ತಿದೆ. ಆ ಮೌನದಿಂದ ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯವಾಯಿತು. ಆದುದರಿಂದ ತಡವಾಗಿಯಾದರೂ ಈ ಉತ್ತರ.

ಮೊದಲು ನಮ್ಮ ಮನೆಯ ಸ್ಥಿತಿಯನ್ನು ನೋಡೋಣ. ಬಿ.ಎ. ತರಗತಿಯಲ್ಲಿ ‘ನಮ್ಮೂರ ಕೆರೆ’ ಎಂಬ ಪ್ರಬಂಧ ಬರೆದು ತನ್ನಿರೆಂದರೆ ಅರುವತ್ತು ಮಂದಿಯ ಕೆರೆಗಳೂ ಒಂದೇ ಕೆರೆ. ಎಲ್ಲವೂ ಗ್ರಾಮದ ಜೀವನಾಡಿ, ಎಲ್ಲದರಲ್ಲಿಯೂ ತಾವರೆ, ಎಲ್ಲದರ ದಡದಲ್ಲಿಯೂ ಹಕ್ಕಿಗಳ ಕಲರವ. ಗೈಡು ಬರೆದ ಪುಣ್ಯಾತ್ಮ ಯಾವ ಕೆರೆಯನ್ನು ಕಂಡಿದ್ದನೋ! ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರುಗಂಟಿ—ಈ ಮಾತುಗಳನ್ನು ಮನೆಯಲ್ಲಿ ಕೇಳುತ್ತ ಬೆಳೆದ ಮಕ್ಕಳು ಕಾಗದದ ಮುಂದೆ ಕುಳಿತೊಡನೆ ಅವನ್ನೆಲ್ಲ ಮರೆಯುತ್ತಾರೆ. ಮರೆಯುವಂತೆ ಮಾಡಿದವರು ನಾವೇ. ಎರಡು ಪುಟ ತುಂಬಿಸಿದವರಿಗೆ ಅಂಕ ಕೊಟ್ಟೆವು. ಕಂಡು ಬರೆದವರನ್ನು ಕೇಳಲಿಲ್ಲ.

ಹೋದ ವರ್ಷ ನಾನೊಂದು ಪ್ರಯೋಗ ಮಾಡಿದೆ. ಮೊಬೈಲಿನಲ್ಲಿ ಊರ ಕೆರೆಯನ್ನು ಬೇಕಾದಷ್ಟು ಚಿತ್ರೀಕರಿಸಿ ತನ್ನಿ. ತರಗತಿಗೆ ತೋರಿಸುವುದು ಮಾತ್ರ 3 ನಿಮಿಷ. ಬಿಟ್ಟದ್ದನ್ನು ಏಕೆ ಬಿಟ್ಟಿರಿ ಎಂದು ಒಂದು ಪುಟ ಬರೆಯಿರಿ—ಇಷ್ಟೇ ನಿಯಮ. ಸಿನಿಮಾದವರು ಈ ಜೋಡಣೆಗೆ ಸಂಕಲನವೆನ್ನುತ್ತಾರೆ. ಲೆಕ್ಕದ ಪಾಠದಲ್ಲಿ ಸಂಕಲನವೆಂದರೆ ಕೂಡುವುದು. ಆದರೆ ಇಲ್ಲಿ ಬಹುಪಾಲು ಕೆಲಸ ಕಳೆಯುವುದೇ. ಹಿಗ್ಗಿಸಿ ಬರೆಯುವುದನ್ನಷ್ಟೇ ಕಲಿತ ಮಕ್ಕಳಿಗೆ, ಯಾವುದು ಬೇಡ ಎಂದು ನಿರ್ಧರಿಸುವ ಕಷ್ಟ ಮೊದಲ ಬಾರಿಗೆ ಎದುರಾಯಿತು.

ಒಬ್ಬ ಹುಡುಗಿ ತನ್ನ ಊರಿನ ಮುದಿ ನೀರುಗಂಟಿಯನ್ನು ತೂಬಿನ ಬಳಿ ಕೂರಿಸಿ ಮಾತನಾಡಿಸಿಕೊಂಡು ಬಂದಳು. 26 ನಿಮಿಷದ ಮಾತು. ಅದರಲ್ಲಿ ಆತ ಹೇಳಿದ್ದ: “ಹಿಂದೆ ನೀರು ಹಂಚೋದ್ರಲ್ಲಿ ಮೋಸ ಇರಲಿಲ್ಲ ಅಂತಾರೆ. ಎಲ್ಲಿ ಇರಲಿಲ್ಲ? ನಮ್ಮ ಕೇರಿಯೋರ ಗದ್ದೆಗೆ ನೀರು ಬರ್ತಿದ್ದುದು ಎಲ್ಲಾರ್ದೂ ಆದ ಮೇಲೆ.” ಹುಡುಗಿ ಸಮಯ ಉಳಿಸಲೆಂದು ‘ಮೋಸ ಇರಲಿಲ್ಲ’ ಎಂಬಲ್ಲಿಗೆ ಕತ್ತರಿಸಿ, ಮುಂದೆ ಸೂರ್ಯಾಸ್ತದ ದೃಶ್ಯವಿಟ್ಟಳು. ನೋಡಿದವರೆಲ್ಲ ಮೆಚ್ಚಿದರು, ನಾನೂ ಮೆಚ್ಚಿದೆ. ಊರಿಗೆ ಹೋಗಿ ಅದನ್ನು ಮುದುಕನಿಗೆ ತೋರಿಸಿದಾಗ ಆತ ಕೇಳಿದನಂತೆ: “ನಾನು ಅಂದದ್ದು ಅರ್ಧವೇ ಬಂತಲ್ಲವ್ವಾ, ಇನ್ನರ್ಧ ಎಲ್ಲಿ?”

ಮರುದಿನ ಅವಳು ಸೂರ್ಯಾಸ್ತವನ್ನು ತೆಗೆದುಹಾಕಿ ಮುದುಕನ ಉಳಿದ ಅರ್ಧವನ್ನು ತಂದಿಟ್ಟಳು. ತನ್ನ ಪುಟದಲ್ಲಿ, “ತಾತ ಹೇಳದೇ ಇದ್ದದ್ದನ್ನು ತಾತನ ಬಾಯಿಂದಲೇ ಹೇಳಿಸಿದ್ದೆ” ಎಂದು ಬರೆದಳು. ಇಷ್ಟು ವರ್ಷಗಳ ಅಧ್ಯಾಪನದಲ್ಲಿ ಉಲ್ಲೇಖದ ಪ್ರಾಮಾಣಿಕತೆ ಎಂಬುದನ್ನು ನಾನು ಎಷ್ಟೋ ಸಲ ವ್ಯಾಖ್ಯಾನಿಸಿದ್ದೇನೆ. ಅದು ಒಬ್ಬರ ಎದೆಗೆ ಇಳಿದುದನ್ನು ಕಂಡದ್ದು ಅಂದೇ.

ಇದು ಕನ್ನಡವಲ್ಲವೆನ್ನುವವರು ಒಂದು ಕ್ಷಣ ನಮ್ಮ ಗ್ರಂಥಗಳನ್ನೇ ನೆನೆಯಲಿ. 12ನೆಯ ಶತಮಾನದ ಶರಣರ ವಚನಗಳನ್ನು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯ ಆಯ್ದು, ಒಂದರ ಎದುರಿಗೆ ಒಂದನ್ನಿಟ್ಟು, ನಡುನಡುವೆ ಗದ್ಯದಿಂದ ಬೆಸೆದು, ಸಂವಾದವಾಗಿ ಹೊಂದಿಸಿ ಶೂನ್ಯಸಂಪಾದನೆಯನ್ನು ಕಟ್ಟಿದ. ಅವನ ತರುವಾಯ ಇನ್ನೂ ಮೂವರು ಅದನ್ನು ಬೇರೆ ಬೇರೆಯಾಗಿ ಪರಿಷ್ಕರಿಸಿದರು. ವಚನ ಅದೇ, ಅದು ಯಾರ ಮಾತಿಗೆ ಉತ್ತರವಾಗಿ ನಿಂತಿತೆಂಬುದರಿಂದ ಅರ್ಥದ ಬಣ್ಣ ಬೇರೆಯಾಗುತ್ತದೆ. 1920ರ ಆಸುಪಾಸಿನಲ್ಲಿ ರಷ್ಯದ ಕುಲೆಶೋವ್ ಎಂಬ ನಿರ್ದೇಶಕ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸಾರಿನ ಬಟ್ಟಲಿನೊಡನೆ, ಒಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿ ತೋರಿಸಿದನೆಂದೂ, ಪ್ರೇಕ್ಷಕರು ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರೆಂದೂ ಸಿನಿಮಾ ಚರಿತ್ರೆಯವರು ಹೇಳುತ್ತಾರೆ. ಸಂದರ್ಭವೇ ಅರ್ಥವನ್ನು ಕೊಡುತ್ತದೆಂದು ಕಾವ್ಯಮೀಮಾಂಸೆಯಲ್ಲಿ ಬೋಧಿಸುವ ನಾವು, ವಿದ್ಯಾರ್ಥಿ ಅದನ್ನು ಕೈಯಾರೆ ಮಾಡಿ ನೋಡಿದರೆ ಏಕೆ ಬೆಚ್ಚಬೇಕು?

ಬಡ ಮಕ್ಕಳಿಗೆ ಸಲಕರಣೆ ಎಲ್ಲಿಯದು ಎಂಬುದು ಎರಡನೆಯ ಆಕ್ಷೇಪ. ಇದು ನ್ಯಾಯವಾದ ಪ್ರಶ್ನೆ, ಆದರೆ ಉತ್ತರವುಂಟು. ನಾಲ್ವರಿಗೆ ಒಂದು ಮೊಬೈಲು ಸಾಕು. ಕಂಪ್ಯೂಟರಿದ್ದರೆ ಶಾಟ್‌ಕಟ್, ಓಪನ್‌ಶಾಟ್ ಎಂಬ ತಂತ್ರಾಂಶಗಳು ಕಾಸಿಲ್ಲದೆ ಸಿಗುತ್ತವೆ. ಅದೂ ಇಲ್ಲವೆ? ಒಂದೊಂದು ದೃಶ್ಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರವಿ ಹೊಂದಿಸಿ. ಸಿನಿಮಾದವರೂ ಹಾಗೆ ಮಾಡುವುದುಂಟು. 2000ದಲ್ಲಿ ಬಂದು ಮನೆಮನೆಯ ಕಂಪ್ಯೂಟರಿನಲ್ಲಿದ್ದ ವಿಂಡೋಸ್ ಮೂವಿ ಮೇಕರನ್ನು ಅದರ ಕಂಪನಿಯೇ 2017ರಲ್ಲಿ ನಿಲ್ಲಿಸಿತು. ಗುಂಡಿ ಒತ್ತುವುದನ್ನು ಕಲಿಸಿದರೆ ಆ ಪಾಠವೂ ಹೀಗೆಯೇ ನಿಂತುಹೋದೀತು. ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡ ಎಂಬ ವಿವೇಕಕ್ಕೆ ಯಾವ ಕಂಪನಿಯ ಹಂಗೂ ಇಲ್ಲ.

ಹಾಗೆಂದು ‘ಡಿಜಿಟಲ್ ಕಲಿಕೆ’ಯ ಭಜನೆ ಮಾಡುವವರ ಗುಂಪಿಗೆ ನನ್ನನ್ನು ಯಾರೂ ಸೇರಿಸಕೂಡದು. ಅವರ ಕೈಗೆ ಸಿಕ್ಕರೆ ಈ ಕೆಲಸ ಕೆಟ್ಟೇಹೋದೀತು. ಪುಟ ಮಗುಚಿದಂತೆ ದೃಶ್ಯ ಮಗುಚಬೇಕು, ಅಕ್ಷರಗಳು ಕುಣಿಯಬೇಕು, ಹಿಂದೆ ತಮಟೆಯೋ ಪಿಟೀಲೋ ಮೊಳಗಬೇಕು. ಕಡೆಗೆ ಕಾಲೇಜಿನ ಪ್ರವೇಶಕ್ಕೆ ಒಂದು ಜಾಹೀರಾತು ಸಿದ್ಧವಾಗಬೇಕು. ಗೈಡಿನ ತಾವರೆಗೂ ಈ ಅಲಂಕಾರಕ್ಕೂ ಯಾವ ವ್ಯತ್ಯಾಸವಿದೆ? ನನ್ನ ತರಗತಿಯಲ್ಲಿ ಮೊದಲ ಎರಡು ತಿಂಗಳು ಸಂಗೀತ ನಿಷಿದ್ಧ. ಕೆರೆಯ ಬಳಿ ಗಾಳಿಯ ಸದ್ದಿದ್ದರೆ ಅದೇ ಇರಲಿ. ಮಾತು ಕೇಳಿಸದಿದ್ದರೆ ಮತ್ತೆ ಹೋಗಿ ಮಾತನಾಡಿಸಿಕೊಂಡು ಬರಲಿ.

ಇನ್ನು ಮೊದಲು ಹೇಳಿದ ಅನ್ಯಾಯದ ಸಂಗತಿ. ಆಂತರಿಕ ಅಂಕ ಕೊಡುವ ಸಮಯ ಬಂದಾಗ, ಲಿಖಿತ ಪ್ರಬಂಧವಲ್ಲದ್ದನ್ನು ಪರಿಗಣಿಸಲಾಗದು, ನಾಳೆಯೊಳಗೆ ಬರೆದು ಕೊಡಲಿ ಎಂದು ಮೇಲಿನಿಂದ ಅಪ್ಪಣೆಯಾಯಿತು. ಹುಡುಗಿ ಬಂದು “ಏನು ಮಾಡಲಿ, ಸರ್?” ಎಂದಳು. ಅವಳ 3 ನಿಮಿಷಕ್ಕಾಗಿ, ಅವಳು ಬರೆದ ಆ ಒಂದು ಪುಟಕ್ಕಾಗಿ ನಾನು ವಾದಿಸಬೇಕಾಗಿತ್ತು. “ಏನಾದರೂ ಬರೆದು ಕೊಟ್ಟುಬಿಡಮ್ಮ” ಎಂದೆ. ಅವಳು ಗೈಡಿನ ಕೆರೆಯನ್ನು ನಕಲು ಮಾಡಿಕೊಟ್ಟಳು. 10ಕ್ಕೆ 8 ಬಂತು. ಅಂಕ ಕೊಟ್ಟವನು ನಾನಲ್ಲ. ಬರೆಯಲು ಹೇಳಿದವನು ನಾನು.

ಆದುದರಿಂದ ನನ್ನ ಬೇಡಿಕೆ ಚಿಕ್ಕದು. ಹೊಸ ಯಂತ್ರ ಬೇಡ, ಹೊಸ ಇಲಾಖೆ ಬೇಡ. ಕನ್ನಡದ ಆಂತರಿಕ ಅಂಕಗಳಲ್ಲಿ ಇಂಥ ಒಂದು ಕೆಲಸಕ್ಕೆ ಎಡೆಯಿರಲಿ. ಅಂಕ ಚಿತ್ರದ ಅಂದಕ್ಕಲ್ಲ, ಏನನ್ನು ಏಕೆ ಬಿಟ್ಟೆ ಎಂದು ಬರೆಯುವ ಆ ಒಂದು ಪುಟಕ್ಕೆ. ಮಾತು ಯಾರದೋ, ಅವರಿಗೆ ತೋರಿಸಿ ಒಪ್ಪಿಗೆ ಪಡೆದ ಮೇಲೆಯೇ ತರಗತಿಗೆ ಬರಲಿ. ಇದನ್ನು ಒಪ್ಪದ ಅಧ್ಯಾಪಕ ಬಂಧುಗಳು ತಮ್ಮ ಮೇಜಿನ ಮೇಲಿರುವ ಪ್ರಬಂಧಗಳ ಕಟ್ಟನ್ನು ಇಂದು ರಾತ್ರಿ ಬಿಚ್ಚಲಿ. ಅದರಲ್ಲಿ ಎಷ್ಟು ಕೆರೆಗಳಿವೆಯೆಂದು ಎಣಿಸಿ, ಆಮೇಲೆ ನನ್ನೊಡನೆ ವಾದಕ್ಕೆ ಬರಲಿ.