ಬಂಡೀಪುರದ ರಾತ್ರಿಗೊಂದು ಮೈಕು

ರಾತ್ರಿ ಒಂಬತ್ತಾದರೆ ಗುಂಡ್ಲುಪೇಟೆಯಾಚೆಯ ಮದ್ದೂರು ಚೆಕ್‌ಪೋಸ್ಟಿನಲ್ಲಿ ಗೇಟು ಬೀಳುತ್ತದೆ. ತಡವಾಗಿ ಬಂದ ಲಾರಿಗಳು ಬೆಳಿಗ್ಗೆ ಆರರವರೆಗೆ ಅಲ್ಲೇ. ಬಂಡೀಪುರದ ಕಾಡು ಹಾಯುವ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ 2009ರಲ್ಲಿ ಹಾಕಿದ ಈ ನಿರ್ಬಂಧವನ್ನು ಮರುವರ್ಷವೇ ಹೈಕೋರ್ಟ್ ಎತ್ತಿಹಿಡಿದರೂ ಜಗಳ ಮುಗಿದಿಲ್ಲ. ಒಬ್ಬರು ಚಕ್ರಕ್ಕೆ ಸಿಕ್ಕ ಜಿಂಕೆಗಳನ್ನು ಎಣಿಸಿದರೆ, ಇನ್ನೊಬ್ಬರು ವ್ಯಾಪಾರದ ನಷ್ಟವನ್ನು ಎಣಿಸುತ್ತಾರೆ. ಸದ್ದಿನ ಲೆಕ್ಕ ಕೇಳುವವರು ಅಪರೂಪ.

ಆ ಲೆಕ್ಕವನ್ನು ಕಲಿಸಿದ್ದು ಕಡಲು. ನೀರಿನಲ್ಲಿ ಬೆಳಕು ಬಹುದೂರ ಹೋಗದು. ಶಬ್ದವೋ ಗಾಳಿಯಲ್ಲಿ ಸಾಗುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಓಡುತ್ತದೆ. ತಿಮಿಂಗಿಲ ಬದುಕುವುದೇ ಕಿವಿಯಿಂದ. ಹೈಡ್ರೋಫೋನ್ ಎಂಬ ನೀರಿನ ಮೈಕನ್ನು ಇಳಿಬಿಟ್ಟರೆ ಕಾಣದ ಪ್ರಾಣಿಯೂ ಪತ್ತೆಯಾಗುತ್ತದೆ. ಲಕ್ಷದ್ವೀಪದ ಕವರತ್ತಿ ಬಳಿ 2018ರ ಕೊನೆಯಲ್ಲಿ ಇಳಿಸಿದ ಯಂತ್ರಗಳಲ್ಲಿ ನೀಲಿ ತಿಮಿಂಗಿಲದ ಹಾಡು ಸಿಕ್ಕಿದ್ದು ಹೀಗೆಯೇ.

ಹಡಗಿನ ಗದ್ದಲ ತಿಮಿಂಗಿಲವನ್ನು ಎಷ್ಟು ಕಾಡುತ್ತದೆಂಬುದು ಗೊತ್ತಾದದ್ದು ಒಂದು ದುರಂತದಿಂದ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗುಗಳ ಓಡಾಟ ತಗ್ಗಿ, ನೀರಿನೊಳಗಿನ ಸದ್ದು 6 ಡೆಸಿಬೆಲ್‌ನಷ್ಟು ಇಳಿಯಿತು. ಬೇರೆ ಅಧ್ಯಯನಕ್ಕೆಂದು ಅಲ್ಲಿನ ರೈಟ್ ತಿಮಿಂಗಿಲಗಳ ಮಲ ಸಂಗ್ರಹಿಸುತ್ತಿದ್ದವರು ಆಮೇಲೆ ತಾಳೆ ನೋಡಿದರೆ, ಆ ದಿನಗಳಲ್ಲಿ ಒತ್ತಡದ ಹಾರ್ಮೋನು ಕೂಡ ಇಳಿದಿತ್ತು. ಇದು ಪ್ರಕಟವಾದದ್ದು 2012ರಲ್ಲಿ.

ಕಡಲಿನ ಈ ವಿದ್ಯೆ ಆನೆಗೂ ಹೊಸದಲ್ಲ. ತಿಮಿಂಗಿಲದ ಹಾಡುಗಳನ್ನು ವರ್ಷಗಟ್ಟಲೆ ಆಲಿಸಿದ್ದ ಅಮೆರಿಕದ ಕೇಟಿ ಪೇಯ್ನ್ 1984ರಲ್ಲಿ ಪೋರ್ಟ್‌ಲೆಂಡ್ ಮೃಗಾಲಯದ ಆನೆಗಳ ಬಳಿ ನಿಂತಾಗ ಗಾಳಿಯೇ ಅದುರಿದಂತಾಯಿತಂತೆ. ಚರ್ಚಿನ ಆರ್ಗನ್ನಿನ ಅತಿ ತಗ್ಗಿನ ಸ್ವರ ಆಕೆಗೆ ನೆನಪಾಯಿತು. ಧ್ವನಿಮುದ್ರಿಸಿ ನೋಡಿದರೆ, 14ರಿಂದ 24 ಹರ್ಟ್ಸ್‌ನ ಕರೆಗಳು! ನಮ್ಮ ಕಿವಿಯ ಕೆಳಮಿತಿ ಸುಮಾರು 20. ಮೃಗಾಲಯದ ಆ ಆನೆಗಳು ಬಂಡೀಪುರದಲ್ಲಿರುವಂಥ ಏಷ್ಯಾದ ಆನೆಗಳೇ.

ಆಫ್ರಿಕಾದ ಬಯಲಿನಲ್ಲಿ ನಡೆದ ಅಧ್ಯಯನ ಇನ್ನೊಂದನ್ನು ಹೇಳಿತು. ಹೊತ್ತು ಮುಳುಗಿದ ಮೇಲೆ ನೆಲದ ಗಾಳಿ ತಣ್ಣಗಾಗಿ, ಮೇಲೆ ಬೆಚ್ಚನೆಯ ಪದರ ನಿಂತರೆ ಇಂಥ ಕರೆ ಹಗಲಿಗಿಂತ ಬಹಳ ದೂರ, ಹತ್ತು ಕಿಲೋಮೀಟರ್‌ವರೆಗೂ ಹೋದೀತು. ಅಂದರೆ ಆನೆಗಳು ದೂರದ ಬಳಗದೊಡನೆ ಮಾತಾಡಿಕೊಳ್ಳಲು ಹೆಚ್ಚು ಅನುಕೂಲವಾದ ಹೊತ್ತು ರಾತ್ರಿಯೇ. ಲಾರಿ ಎಂಜಿನ್ನಿನ ಗುಡುಗುಡು ಕೂಡ ತಗ್ಗು ಸ್ಥಾಯಿಯದೇ; ಆ ಕರೆಗಳನ್ನು ಅದು ಮುಚ್ಚಿಬಿಟ್ಟೀತು.

ರೈತನ ನಷ್ಟ ಸುಳ್ಳಲ್ಲ. ಕಾದು ಬಾಡಿದ ಸೊಪ್ಪಿಗೆ ಬೆಲೆ ಕೊಡುವವರಿಲ್ಲ. ಅದಕ್ಕೇ ಮೇಲ್ಸೇತುವೆ ಕಟ್ಟಿ ರಾತ್ರಿಯೂ ವಾಹನ ಬಿಡೋಣ ಎಂಬ ಸಲಹೆ ಹಲವರಿಗೆ ಹಿಡಿಸಿದೆ. ನನಗೆ ಹಿಡಿಸಿಲ್ಲ. ಕಂಬಗಳ ನಡುವೆ ಜಿಂಕೆಯೇನೋ ಜೀವಸಹಿತ ದಾಟೀತು. ಸದ್ದು ಮಾತ್ರ ಎತ್ತರದಿಂದ ಕಾಡಿಗೆಲ್ಲ ಹರಡುತ್ತದೆ. ಫಂಡಿಯವರಿಗೆ ಕೆಲವೇ ದಿನ ಸಿಕ್ಕ ಮೌನ ನಮಗೆ ದಿನವೂ ಒಂಬತ್ತು ಗಂಟೆ ಸಿಗುತ್ತಿದೆ. ಅರಣ್ಯ ಇಲಾಖೆ ಮದ್ದೂರಿನಿಂದ ಮೂಲೆಹೊಳೆಯವರೆಗೆ ರಸ್ತೆಯ ಎರಡೂ ಬದಿಗೆ ತಗ್ಗು ಸದ್ದು ಹಿಡಿಯುವ ಯಂತ್ರಗಳನ್ನಿಟ್ಟು, ಗೇಟು ಬೀಳುವ ಮುಂಚಿನ ಒಂದು ಗಂಟೆಯನ್ನೂ ಬಿದ್ದ ಮೇಲಿನ ಒಂದು ಗಂಟೆಯನ್ನೂ ಹೋಲಿಸಲಿ. ಮೇಲ್ಸೇತುವೆಯ ಮಾತು ಆಮೇಲೆ.